ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಒಂದು ನಮಸ್ಕಾರ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2002ರಲ್ಲಿ ನಮ್ಮ ಶಾಲೆಯ ಎಂಟನೇ ತರಗತಿಗೆ ಸೇರಿದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)

ವೇದಿಕೆಯ ಮೇಲಿರುವ ಮುಖ್ಯೋಪಾಧ್ಯಾಯರಿಗೆ, ನನ್ನ ಕಿವಿ ಹಿಂಡಿ ಕಾಗುಣಿತ ಕಲಿಸಿದ ಗುರುಗಳಿಗೆ, ಎಸ್‌ಡಿಎಂಸಿಯ ಸದಸ್ಯರಿಗೆ, ಊರಿನ ಹಿರಿಯರಿಗೆ, ತಾಯಂದಿರಿಗೆ, ಇದೇ ಶಾಲೆಯ ಬೆಂಚುಗಳ ಮೇಲೆ ಹೆಸರು ಕೆತ್ತಿ ಏಟು ತಿಂದ ಗೆಳೆಯ ಗೆಳತಿಯರಿಗೆ, ಮುಂದಿನ ಸಾಲಿನಲ್ಲಿ ಕೂತು ಊಟದ ವಾಸನೆ ಹಿಡಿಯುತ್ತಿರುವ ಮಕ್ಕಳಿಗೆ ನಮಸ್ಕಾರ.

ಸಮಿತಿಯವರು ನನಗೆ ಫೋನ್ ಮಾಡಿದಾಗ, ‘ನೀವು ಸಾಫ್ಟ್‌ವೇರ್‌ನವರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ, ಮುಂದಿನ ಕಾಲದ ಬಗ್ಗೆ ನಾಲ್ಕು ಮಾತು ಹೇಳಿ’ ಎಂದಿದ್ದರು. ಮುಂದಿನ ಕಾಲದ ಬಗ್ಗೆ ನನಗೆ ಗೊತ್ತಿರುವುದು ಬಹಳ ಕಡಿಮೆ. ಕಳೆದ ಒಂದು ವರ್ಷದಲ್ಲಿ ನನಗೆ ಏನಾಯಿತು ಎನ್ನುವುದು ಚೆನ್ನಾಗಿ ಗೊತ್ತಿದೆ. ಹಾಗಾಗಿ ಅದನ್ನೇ ಹೇಳುತ್ತೇನೆ. ಅದರಲ್ಲಿ ಮೊಬೈಲು, ಕಂಪ್ಯೂಟರು ಎರಡೂ ಬರುತ್ತವೆ. ಸಮಿತಿಯವರು ಬೇಸರ ಮಾಡಿಕೊಳ್ಳಬಾರದು.

ವಿಷಯ ಇಷ್ಟೇ. ನಾವು ಏನು ಮಾಡಿದರೂ ತಪ್ಪು ಹುಡುಕುವ ಒಬ್ಬರು ಪ್ರತಿ ಊರಿನಲ್ಲೂ, ಪ್ರತಿ ಆಫೀಸಿನಲ್ಲೂ, ಪ್ರತಿ ಮದುವೆ ಮನೆಯಲ್ಲೂ ಇರುತ್ತಾರೆ. ಅಂಥವರನ್ನು ನಾವು ಮೊಸರಿನಲ್ಲಿ ಕಲ್ಲು ಹುಡುಕುವವರು ಎನ್ನುತ್ತೇವೆ. ಈಗ ಅವರೆಲ್ಲರ ಕೈಗೂ ಮೊಬೈಲು ಬಂದಿದೆ. ಅವರಿಗೆ ಉತ್ತರ ಕೊಡುವುದು ಹೇಗೆ? ಜಗಳ ಆಡಬಹುದು, ಸುಮ್ಮನಿರಬಹುದು, ನಗಬಹುದು. ನಾನು ನಗುವುದನ್ನು ಆರಿಸಿಕೊಂಡೆ. ಆ ನಗು ಒಂದು ಸಲ ಕೆಲಸ ಮಾಡಿತು, ಇನ್ನೊಂದು ಸಲ ನನ್ನನ್ನು ತಲೆ ತಗ್ಗಿಸುವ ಹಾಗೆ ಮಾಡಿತು.

ನಿಮಗೆಲ್ಲ ಗೊತ್ತಿರುವ ಹಾಗೆ, ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಸೇರಿಸಲು ಒಂದು ವಾಟ್ಸಾಪ್ ಗುಂಪು ಮಾಡಿದೆವು. ನಾನು ಸಾಫ್ಟ್‌ವೇರ್‌ನವನು ಎಂಬ ಒಂದೇ ಕಾರಣಕ್ಕೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಮೊಬೈಲಿನಲ್ಲೇ ತುಂಬುವ ಒಂದು ಅರ್ಜಿ ಸಿದ್ಧಮಾಡಿದೆ. ಶಾಲೆಯಿಂದ ಹಳೆಯ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಳೆಗಳನ್ನು ತರಿಸಿ, ಹೆಸರುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದೆ. ರಾತ್ರಿ ಹನ್ನೊಂದರ ಮೇಲೆ ಕೂತು ಮಾಡಿದ ಕೆಲಸ ಅದು. ಯಾರಾದರೂ ‘ಭೇಷ್’ ಎನ್ನಲಿ ಎಂದು ಮನಸ್ಸು ಕಾಯುತ್ತಿತ್ತು.

ಗುಂಪಿಗೆ ಮೊದಲ ವಾರವೇ ಯಾರೋ ನಮ್ಮ ಅಂಚೆಯಣ್ಣನನ್ನು ಸೇರಿಸಿದರು.

ಅಂಚೆಯಣ್ಣ ಎಂದರೆ ಯಾರು ಎಂದು ಈ ಊರಿನಲ್ಲಿ ಹೇಳಬೇಕಾಗಿಲ್ಲ. ನಮ್ಮಪ್ಪನಿಗೂ ಅವರು ಅಂಚೆಯಣ್ಣ, ನನಗೂ ಅಂಚೆಯಣ್ಣ, ಈಗ ನನ್ನ ಮಗಳಿಗೂ ಅಂಚೆಯಣ್ಣ. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ‘ಹೇಳು, ಆದರೆ ಉದ್ದ ಮಾಡಬೇಡ’ ಎಂದಿದ್ದಾರೆ. ಅಲ್ಲಿ ಮೂರನೇ ಸಾಲಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಕೂತಿದ್ದಾರೆ. ಭಾಷಣ ಮುಗಿದ ಮೇಲೆ ನನ್ನ ತಪ್ಪುಗಳನ್ನು ಎಣಿಸಿ ಹೇಳುತ್ತಾರೆ, ಅನುಮಾನ ಬೇಡ.

ಅಂಚೆಯಣ್ಣನ ಮೊದಲ ಸಂದೇಶ ಬೆಳಗಿನ ಐದು ಗಂಟೆಗೆ ಬಂತು. ನಾನು ಕಳಿಸಿದ್ದ ಪ್ರಕಟಣೆಯಲ್ಲಿ ‘ಸುವರ್ಣ ಮಹೊತ್ಸವ’ ಎಂದಿತ್ತು. ಅವರು ಬರೆದಿದ್ದು ಒಂದೇ ಸಾಲು: ‘ಇಂಜಿನಿಯರ್ರೇ, ಹೊ ಅಕ್ಷರಕ್ಕೆ ದೀರ್ಘ ಎಲ್ಲಿ?’

ಮಾರನೆಯ ದಿನ, ‘ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ’ ಎಂದು ಹಾಕಿದೆ. ‘ಭಾನುವಾರ ಅಮಾವಾಸ್ಯೆ. ಇದು ಯಾರ ತಲೆ?’ ಎಂದು ಬಂತು. ಖರ್ಚಿನ ಅಂದಾಜು ಹಾಕಿದರೆ, ‘ಶಾಮಿಯಾನಕ್ಕೆ ಇಷ್ಟು ದುಡ್ಡಾ? ಹುಣಸೆಮರ ಏನು ಮಾಡ್ತಿದೆ?’ ಎಂದರು. ಒಂದು ದಿನ ಉತ್ಸಾಹದಿಂದ ಶಾಲೆಯ ಹಳೆಯ ಫೋಟೋ ಒಂದನ್ನು ಹಾಕಿದೆ. ಎಲ್ಲರೂ ‘ಆಹಾ, ಆ ದಿನಗಳು’ ಎಂದು ಕಣ್ಣೀರಿನ ಚಿಹ್ನೆ ಕಳಿಸುತ್ತಿದ್ದರು. ಅಂಚೆಯಣ್ಣ ಬರೆದರು: ‘ಇದು ನಮ್ಮ ಶಾಲೆಯಲ್ಲ, ಪಕ್ಕದ ಊರಿನದು. ಕಿಟಕಿ ಎಣಿಸಿ ನೋಡಿ.’ ಎಣಿಸಿ ನೋಡಿದೆ. ಹೌದು, ಪಕ್ಕದ ಊರಿನದೇ.

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಉದ್ದುದ್ದ ಉತ್ತರ ಬರೆದು, ಕಳಿಸುವ ಮೊದಲೇ ಅಳಿಸುತ್ತಿದ್ದೆ. ಆಮೇಲೆ ಸಮಜಾಯಿಷಿ ಕೊಡಲು ಶುರುಮಾಡಿದೆ. ಒಂದು ಸಮಜಾಯಿಷಿಗೆ ಅವರು ಎರಡು ಪ್ರಶ್ನೆ ಹಾಕುತ್ತಿದ್ದರು. ಕೊನೆಗೆ ಒಂದು ದಿನ ತಮಾಷೆಯಾಗಿ ಉತ್ತರಿಸಿ ನೋಡಿದೆ. ಆ ದೀರ್ಘದ ಪ್ರಶ್ನೆಯನ್ನು ಅವರು ಮತ್ತೆ ಎತ್ತಿದ್ದರು. ನಾನು ಬರೆದೆ: ‘ಅಣ್ಣಾ, ದೀರ್ಘ ಬೆಳಿಗ್ಗೆಯೇ ಬೆಂಗಳೂರು ಬಿಟ್ಟಿದೆ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ. ಸಂಜೆಯೊಳಗೆ ಊರು ಮುಟ್ಟುತ್ತದೆ.’

ಗುಂಪಿನಲ್ಲಿ ನಗುವೋ ನಗು. ಅಂಚೆಯಣ್ಣನೂ, ‘ಕೊನೇ ಬಸ್ಸಿಗಾದ್ರೂ ಹತ್ತಿಸಿ ಕಳಿಸು’ ಎಂದರು. ಫೋಟೋ ವಿಷಯಕ್ಕೆ ನಾನು, ‘ಅಣ್ಣಾ, ಬೆಂಗಳೂರಿಗೆ ಹೋಗಿ ನನ್ನ ಶಾಲೆಯೇ ನನಗೆ ಮರೆತುಹೋಗಿದೆ. ಬರುವ ಜೂನ್‌ನಲ್ಲಿ ನನ್ನನ್ನು ಮತ್ತೆ ಎಂಟನೇ ಕ್ಲಾಸಿಗೆ ಸೇರಿಸಿಬಿಡಿ’ ಎಂದೆ. ‘ಟಿ.ಸಿ. ತಗೊಂಡು ಬಾ’ ಎಂದು ಉತ್ತರ ಬಂತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಅವರು ತಪ್ಪು ತೋರಿಸುತ್ತಿದ್ದರು, ನಾನು ನನ್ನನ್ನೇ ಹಾಸ್ಯ ಮಾಡಿಕೊಂಡು ತಪ್ಪು ತಿದ್ದುತ್ತಿದ್ದೆ, ನೋಡುವವರಿಗೆ ಖುಷಿ. ಆದರೆ ನಗಿಸುವುದಕ್ಕೆ ಒಂದು ರುಚಿ ಇದೆ. ಹತ್ತು ಜನ ನಕ್ಕರೆ ಇಪ್ಪತ್ತು ಜನ ನಗಲಿ ಎನಿಸುತ್ತದೆ. ನನಗೆ ಗೊತ್ತಿಲ್ಲದಂತೆಯೇ ನನ್ನ ತಮಾಷೆ ದಿಕ್ಕು ಬದಲಿಸಿತು. ನನ್ನ ಕಡೆಗಿದ್ದ ಬೆರಳು ನಿಧಾನವಾಗಿ ಅವರ ಕಡೆಗೆ ತಿರುಗಿತು.

ನಾನು ಹೆಸರಿನ ಪಟ್ಟಿಯನ್ನು ಗುಂಪಿಗೆ ಹಾಕಿದ ದಿನ ಅಂಚೆಯಣ್ಣ ‘ಪಟ್ಟಿ ತಪ್ಪಿದೆ’ ಎಂದು ಬರೆದರು. ಏನು ತಪ್ಪು ಎಂದು ಬರೆಯಲಿಲ್ಲ. ನಾನೂ ಕೇಳಲಿಲ್ಲ. ‘ಪಟ್ಟಿ ಸರಿಯಿದೆ ಅಣ್ಣಾ, ಕನ್ನಡಕದ ನಂಬರ್ ಬದಲಾಗಿರಬೇಕು’ ಎಂದೆ. ಜನ ನಕ್ಕರು. ಒಂದು ತಿಂಗಳ ಮೇಲೆ ಮತ್ತೆ ‘ಪಟ್ಟಿ ತಪ್ಪಿದೆ’ ಎಂದರು. ಅದಕ್ಕೂ ಏನೋ ಒಂದು ತಮಾಷೆ ಹೇಳಿದೆ. ಮೂರನೇ ಸಲ, ‘ಪಟ್ಟಿ ತಪ್ಪಿದೆ ಎಂದು ಎಷ್ಟು ಸಲ ಹೇಳಬೇಕು?’ ಎಂದು ಬರೆದಾಗ ರಾತ್ರಿ ಹನ್ನೊಂದೂವರೆ. ಆಫೀಸಿನಲ್ಲಿ ಏನೋ ಕೆಟ್ಟು ಕೂತಿತ್ತು, ಊಟ ಆಗಿರಲಿಲ್ಲ. ನಾನು ಬರೆದೆ:

‘ಅಂಚೆಯಣ್ಣಾ, ಜೀವಮಾನವಿಡೀ ಊರವರ ಕಾಗದ ಹಂಚಿದಿರಿ. ನಿಮ್ಮ ಹೆಸರಿಗೆ ಮಾತ್ರ ಒಂದೂ ಬರಲಿಲ್ಲ ಅನ್ನೋ ಸಿಟ್ಟಾ ಇದು?’

ಆ ಸಾಲಿಗೆ ಬಂದಷ್ಟು ನಗುವಿನ ಚಿಹ್ನೆಗಳು ಆ ಗುಂಪಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ನಾನು ಮೊಬೈಲು ಪಕ್ಕಕ್ಕಿಟ್ಟು ಸಂತೋಷದಿಂದ ಊಟ ಮಾಡಿದೆ.

ಮರುದಿನ ಬೆಳಗಿನ ಐದು ಗಂಟೆಗೆ ಸಂದೇಶ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಆಹ್ವಾನದ ಕರಡಿನಲ್ಲಿ ದಿನಾಂಕವೇ ತಪ್ಪಾಗಿತ್ತು, ಆದರೂ ಅವರು ಒಂದು ಮಾತು ಆಡಲಿಲ್ಲ. ಹನ್ನೊಂದು ದಿನ ಹೀಗೇ ಕಳೆಯಿತು. ಕಿರಿಕಿರಿ ನಿಂತಿತಲ್ಲ ಎಂದು ನಾನು ಹಗುರಾಗಬೇಕಿತ್ತು. ಆಗಲಿಲ್ಲ. ಹನ್ನೆರಡನೆಯ ದಿನ ಅಮ್ಮ ಫೋನಿನಲ್ಲಿ, ‘ಅಂಚೆಯಣ್ಣ ಸಿಕ್ಕಿದ್ರು ಕಣೋ. ನೀನು ಹುಷಾರಾಗಿದೀಯಾ ಅಂತ ಕೇಳಿದ್ರು. ರಾತ್ರಿ ತುಂಬಾ ಹೊತ್ತು ಕೆಲಸ ಮಾಡ್ತಾನೆ ಅನ್ಸತ್ತೆ ಅಂದ್ರು’ ಎಂದರು. ಬೇರೇನೂ ಹೇಳಲಿಲ್ಲವಂತೆ.

ಆ ಶನಿವಾರ ಊರಿಗೆ ಬಂದೆ. ಅವರ ಮನೆ ಜಗಲಿಯ ಮೇಲೆ ಕೂತೆ. ಕಾಫಿ ಬಂತು. ನಾನು ಪಿಯುಸಿ ಓದುವಾಗ ನನ್ನ ವಿದ್ಯಾರ್ಥಿವೇತನದ ಕಾಗದವನ್ನು ಮಳೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮ ತೋಟದವರೆಗೆ ಬಂದು ಕೊಟ್ಟವರು ಇವರು. ಅದು ನೆನಪಿಗೆ ಬಂದಿದ್ದೂ ಆಗಲೇ. ‘ಅಣ್ಣಾ, ಅವತ್ತು ನಾನು ಬರೆದಿದ್ದು...’ ಎಂದು ಶುರುಮಾಡಿದೆ. ಅವರು ಕೈ ಅಡ್ಡ ಮಾಡಿ, ತಮ್ಮ ಮೊಬೈಲು ತೆಗೆದು ನನ್ನ ಕೈಗಿಟ್ಟರು. ‘ಅದಿರಲಿ. ನಿನ್ನ ಆ ಅರ್ಜಿ ಇದೆಯಲ್ಲ, ಅದನ್ನ ತುಂಬಿಕೊಡು. ನನಗೆ ಆಗ್ತಿಲ್ಲ’ ಎಂದರು.

ತುಂಬತೊಡಗಿದೆ. ಹೆಸರು. ಊರು. ಫೋನ್ ನಂಬರು. ನಾಲ್ಕನೆಯ ಪ್ರಶ್ನೆ: ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ಅದರ ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ.

‘ಯಾವ ವರ್ಷ ಅಣ್ಣಾ?’

‘ಸೇರಿದ್ದು ಬರ್ಕೋ. ಎಪ್ಪತ್ನಾಲ್ಕು. ಶಾಲೆ ಶುರುವಾದ ವರ್ಷ.’

‘ಪಾಸಾಗಿದ್ದು?’

‘ಪಾಸಾಗ್ಲಿಲ್ಲಪ್ಪ. ಗಣಿತ, ಇಂಗ್ಲಿಷು ಎರಡೂ ಹೋಯ್ತು. ಮತ್ತೆ ಕಟ್ಟೋಕೆ ಮನೇಲಿ ಆಗ್ಲಿಲ್ಲ.’

ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದೆ. ಹೋಗಲಿಲ್ಲ. ‘ಈ ಪ್ರಶ್ನೆಗೆ ಉತ್ತರ ಕಡ್ಡಾಯ’ ಎಂದು ಕೆಂಪಕ್ಷರದಲ್ಲಿ ಬಂತು. ಅದನ್ನು ಕಡ್ಡಾಯ ಮಾಡಿದವನು ನಾನು. ಒಂದು ಗುಂಡಿ ಒತ್ತಿ ಮಾಡಿದ್ದೆ. ಯಾಕೆ ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ.

ಈಗ ನಿಮಗೂ ಅರ್ಥವಾಗಿರಬೇಕು. ನನ್ನ ಪಟ್ಟಿ ಪಾಸಾದವರ ಹಾಳೆಗಳಿಂದ ಮಾಡಿದ್ದು. ನಪಾಸಾದವರು, ಎಂಟನೇ ಕ್ಲಾಸಿನಲ್ಲೇ ಬಿಟ್ಟವರು, ಒಂಬತ್ತರಲ್ಲಿ ಮದುವೆಯಾಗಿ ಹೋದವರು, ಕುರಿ ಕಾಯಲು, ಗಾರೆ ಕೆಲಸಕ್ಕೆ ಹೋದವರು ಯಾರೂ ಅದರಲ್ಲಿ ಇರಲಿಲ್ಲ. ಅಂಚೆಯಣ್ಣ ಒಳಗೆ ಹೋಗಿ ಒಂದು ಹಳೆಯ ನೋಟ್‌ಬುಕ್ ತಂದರು. 1974ರಲ್ಲಿ ಮೊದಲ ಎಂಟನೇ ತರಗತಿಗೆ ಸೇರಿದವರು ನಲವತ್ತೊಂದು ಜನ. ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಈಗ ಎಲ್ಲಿದ್ದಾರೆ, ಇಲ್ಲವಾದವರು ಯಾರು, ಎಲ್ಲವೂ ದುಂಡು ಅಕ್ಷರದಲ್ಲಿ ಇತ್ತು. ನನ್ನ ಪಟ್ಟಿಯಲ್ಲಿ ಆ ವರ್ಷದವರು ಹನ್ನೊಂದು ಜನ.

‘ಆಗ ಕಟ್ಟಡ ಇರ್ಲಿಲ್ಲ. ದೇವಸ್ಥಾನದ ಪೌಳಿಯಲ್ಲಿ ಪಾಠ. ಮೊದಲನೇ ಕೋಣೆ ಕಟ್ಟುವಾಗ ಕೆರೆ ಏರಿಯಿಂದ ಕಲ್ಲು ಹೊತ್ತಿದ್ದು ನಲವತ್ತೊಂದು ಜನವೂ. ಪಾಸಾಗೋ ಹನ್ನೊಂದು ಜನ ಮಾತ್ರ ಹೊರ್ರಿ ಅಂತ ಮೇಷ್ಟ್ರು ಹೇಳಿರ್ಲಿಲ್ಲ’ ಎಂದರು. ನಗುತ್ತಲೇ ಹೇಳಿದರು.

ಇನ್ನೊಂದು ಮಾತು ಇದೆ. ಅದನ್ನು ಹೇಳದೆ ಇರಲಾರೆ. ಸಮಿತಿಯ ಮೊದಲ ಮನವಿ ಪತ್ರವನ್ನು ನಾವು ಪಟ್ಟಿಯಲ್ಲಿದ್ದ ಎಲ್ಲರಿಗೂ ಅಂಚೆಯಲ್ಲಿ ಕಳಿಸಿದ್ದೆವು. ಅವರ ಸೇವೆಯ ಕೊನೆಯ ತಿಂಗಳು ಅದು. ನಮ್ಮ ಊರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಆ ಲಕೋಟೆಗಳನ್ನು ಮನೆಮನೆಗೆ ತಲುಪಿಸಿದವರು ಅಂಚೆಯಣ್ಣನೇ. ಅವುಗಳಲ್ಲಿ ಒಂದರ ಮೇಲೂ ಅವರ ಹೆಸರು ಇರಲಿಲ್ಲ. ‘ನಿಮ್ಮ ಹೆಸರಿಗೆ ಒಂದೂ ಕಾಗದ ಬರಲಿಲ್ಲ ಅನ್ನೋ ಸಿಟ್ಟಾ’ ಎಂದು ನಾನು ತಮಾಷೆಗೆ ಕೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಳಿಸದೆ ಇದ್ದವನೂ ನಾನೇ, ಬರಲಿಲ್ಲ ಎಂದು ನಕ್ಕವನೂ ನಾನೇ.

ಆ ರಾತ್ರಿ ಗುಂಪಿನಲ್ಲಿ ಹಿಂದಕ್ಕೆ ಹೋಗಿ, ನನ್ನ ಮಾತಿಗೆ ನಕ್ಕವರ ಹೆಸರುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲರೂ ಪಟ್ಟಿಯಲ್ಲಿ ಇದ್ದವರು. ಪಾಸಾದವರು.

ಆಗ ನನಗೆ ವೇದಿಕೆಯ ಮೇಲಿರುವ ನಮ್ಮ ಕನ್ನಡ ಮೇಷ್ಟ್ರ ಮಾತು ನೆನಪಾಯಿತು. ಹತ್ತನೇ ಕ್ಲಾಸಿನಲ್ಲಿ ನಾವು ಒಬ್ಬ ತೊದಲುವ ಗೆಳೆಯನನ್ನು ಅಣಕಿಸುತ್ತಿದ್ದೆವು. ಮೇಷ್ಟ್ರು ಹೊಡೆಯಲಿಲ್ಲ. ‘ಕೊರವಂಜಿ’ ಪತ್ರಿಕೆಯ ಕಥೆ ಹೇಳಿದರು. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. 1942ರಲ್ಲಿ ಆ ಹಾಸ್ಯ ಪತ್ರಿಕೆ ಶುರುಮಾಡಿ 25 ವರ್ಷ ನಡೆಸಿದರು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. ಅಷ್ಟು ಹೇಳಿ ಮೇಷ್ಟ್ರು, ‘ಡಾಕ್ಟರ ಕೈಯಲ್ಲೂ ಸೂಜಿ ಇರುತ್ತೆ, ಪುಂಡ ಹುಡುಗನ ಕೈಯಲ್ಲೂ ಸೂಜಿ ಇರುತ್ತೆ. ಚುಚ್ಚೋದು ಇಬ್ಬರೂ ಚುಚ್ಚುತ್ತಾರೆ. ಯಾಕೆ ಚುಚ್ಚುತ್ತಾರೆ ಅನ್ನೋದು ನೋಡ್ರೋ. ನಗಿಸೋದು ಬೇರೆ, ನಗೆಪಾಟಲು ಮಾಡೋದು ಬೇರೆ’ ಎಂದಿದ್ದರು. ಪರೀಕ್ಷೆಗೆ ಬರದ ಪಾಠವಾದ್ದರಿಂದ ನಾನು ಬರೆದುಕೊಂಡಿರಲಿಲ್ಲ.

ನಮ್ಮಲ್ಲಿ ನಿಂದಕರ ಬಗ್ಗೆ ಮಾತು ಬಂದರೆ ಪುರಂದರದಾಸರನ್ನು ನೆನೆಯುತ್ತೇವೆ. ನಿಂದಿಸುವವರು ಊರಿನಲ್ಲಿ ಇರಲೇಬೇಕು, ಅವರಿಂದ ನಮ್ಮ ಕೊಳೆ ತೊಳೆಯುತ್ತದೆ ಎಂಬ ಅರ್ಥದ ಅವರ ಕೀರ್ತನೆ ಎಲ್ಲರಿಗೂ ಗೊತ್ತು. ಅದರಲ್ಲಿ ಕೇರಿಯ ಕೊಳೆ ತೆಗೆಯುವ ಹಂದಿಯ ಹೋಲಿಕೆಯೂ ಬರುತ್ತದೆ. ನಿಂದಕರಿಗೆ ನಮಸ್ಕಾರ ಹೇಳುತ್ತಲೇ ಒಂದು ಚುಚ್ಚು ಕೊಡುವ ಜಾಣ್ಮೆ ಅದು. ದಾಸರಿಗೆ ಅದು ಸಲ್ಲುತ್ತದೆ. ನಮ್ಮಂಥವರು ಆ ಕೀರ್ತನೆ ಹೇಳುವಾಗ ಒಂದನ್ನು ಮೊದಲೇ ಕೇಳಿಕೊಳ್ಳಬೇಕು: ಇವರು ನಿಜಕ್ಕೂ ನಿಂದಕರೋ, ಅಥವಾ ಯಾರೂ ಕಿವಿಗೊಡದ ಕಾರಣ ಮತ್ತೆ ಮತ್ತೆ ಕೂಗುತ್ತಿರುವವರೋ?

ಕಂಪ್ಯೂಟರ್ ಬಗ್ಗೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ಈಗ ಅದು. ನಮ್ಮ ಕ್ಷೇತ್ರದಲ್ಲಿ ಡೊನಾಲ್ಡ್ ಕ್ನೂತ್ ಎಂಬ ಹಿರಿಯರೊಬ್ಬರಿದ್ದಾರೆ. 1938ರಲ್ಲಿ ಹುಟ್ಟಿದವರು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಅವರ ಪುಸ್ತಕದ ಮೊದಲ ಸಂಪುಟ 1968ರಲ್ಲಿ ಬಂತು. ಅವರ ಪುಸ್ತಕದಲ್ಲಿ ಯಾರಾದರೂ ತಪ್ಪು ಹುಡುಕಿದರೆ ಅವರು ಸಿಟ್ಟಾಗುವುದಿಲ್ಲ. ಪ್ರತಿ ತಪ್ಪಿಗೆ 2 ಡಾಲರ್ 56 ಸೆಂಟ್‌ನ ಚೆಕ್ ಬರೆದು ಕಳಿಸುತ್ತಿದ್ದರು.

ಅದೇನು 2.56 ಎಂಬ ವಿಚಿತ್ರ ಲೆಕ್ಕ? ಇಲ್ಲಿರುವ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. 1957ರವರೆಗೆ ನಮ್ಮ ರೂಪಾಯಿಗೆ 16 ಆಣೆ. ನಾವು ಹತ್ತು ಬೆರಳಿನ ಲೆಕ್ಕದವರು, ನಮ್ಮ ನೂರು ಎಂದರೆ ಹತ್ತು ಹತ್ತಲ. ಕಂಪ್ಯೂಟರಿನವರು ಎಷ್ಟೋ ಕಡೆ ಆಣೆಯ ಹಾಗೆ ಹದಿನಾರರ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ‘ನೂರು’ ಎಂದು ಬರೆದರೆ ಹದಿನಾರು ಹದಿನಾರಲ 256. ಅಂದರೆ ನೂರು ಸೆಂಟಿಗೆ ಒಂದು ಡಾಲರ್ ಎನ್ನುವುದು ಹದಿನಾರರ ಲೆಕ್ಕದಲ್ಲಿ 256 ಸೆಂಟಿಗೆ ಒಂದು ಡಾಲರ್. ತಪ್ಪು ತೋರಿಸಿದವರಿಗೆ ದುಡ್ಡಿನ ಜೊತೆ ಒಂದು ನಗುವನ್ನೂ ಕಳಿಸುವ ಉಪಾಯ. ಆ ಚೆಕ್ ಬಂದವರಲ್ಲಿ ಎಷ್ಟೋ ಜನ ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. ಚೆಕ್ಕುಗಳಿಂದ ಖಾತೆಗೆ ಮೋಸದ ಭಯ ಬಂದ ಮೇಲೆ, 2008ರಿಂದ ಅವರು ಭೂಮಿಯ ಮೇಲೆ ಇಲ್ಲವೇ ಇಲ್ಲದ ‘ಸ್ಯಾನ್ ಸೆರಿಫ್’ ಎಂಬ ದ್ವೀಪದ ಬ್ಯಾಂಕಿನ ಹೆಸರಿನಲ್ಲಿ ಪ್ರಮಾಣಪತ್ರ ಕೊಡತೊಡಗಿದರು. ಅದೂ ತಮಾಷೆಯೇ.

ಅವರದ್ದೇ ‘ಟೆಕ್’ ಎಂಬ ಇನ್ನೊಂದು ತಂತ್ರಾಂಶ ಇದೆ, ಗಣಿತದ ಪುಸ್ತಕಗಳನ್ನು ಅಚ್ಚಿಗೆ ಜೋಡಿಸುವುದು. ಅದರಲ್ಲಿ ತಪ್ಪು ಹುಡುಕಿದವರಿಗೆ ಬಹುಮಾನವನ್ನು ವರ್ಷ ವರ್ಷ ಇಮ್ಮಡಿ ಮಾಡುತ್ತಾ 327 ಡಾಲರ್ 68 ಸೆಂಟ್‌ವರೆಗೆ ಏರಿಸಿದರು. ಪ್ರತಿ ತಿದ್ದುಪಡಿಗೆ ಅದರ ಆವೃತ್ತಿ ಸಂಖ್ಯೆಗೆ ಒಂದೊಂದು ಅಂಕಿ ಸೇರುತ್ತದೆ: 3.14, 3.141, 3.1415, ಹೀಗೆ. ನಮ್ಮ ಗಣಿತ ಮೇಷ್ಟ್ರು ಕಲಿಸಿದ ಪೈ ಅದು. ಎಷ್ಟು ತಿದ್ದಿದರೂ ಪೂರ್ತಿಯಾಗದು, ಹತ್ತಿರ ಹತ್ತಿರ ಹೋಗುತ್ತಲೇ ಇರಬಹುದು. ತಾವು ತೀರಿಕೊಂಡ ಮೇಲೆ ಅದರ ಸಂಖ್ಯೆ ಪೈ ಎಂದೇ ಇರಲಿ, ಆಮೇಲೆ ಉಳಿದ ತಪ್ಪುಗಳೆಲ್ಲ ಅದರ ಗುಣಗಳು ಎಂದುಕೊಳ್ಳಿ ಎಂದು ಹೇಳಿಟ್ಟಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರು ತಪ್ಪು ಹುಡುಕುವವರನ್ನು ಸೋಲಿಸಲು ಹೋಗಲಿಲ್ಲ. ಅವರನ್ನು ಕೆಲಸಕ್ಕೆ ಸೇರಿಸಿಕೊಂಡರು. ತಮಾಷೆಯೆಲ್ಲ ತಮ್ಮ ಮೇಲೆ, ಮರ್ಯಾದೆಯೆಲ್ಲ ತಪ್ಪು ತೋರಿಸಿದವರಿಗೆ.

ನಾನು ಬೆಂಗಳೂರಿಗೆ ಹಿಂತಿರುಗುವ ಮೊದಲು ಮೂರು ಕೆಲಸ ಮಾಡಿದೆ. ಮೊದಲು ಆ ಕೆಂಪು ನಕ್ಷತ್ರ ತೆಗೆದೆ. ‘ಪಾಸಾದ ವರ್ಷ’ ಎನ್ನುವುದನ್ನು ಅಳಿಸಿ ‘ಶಾಲೆಗೆ ಸೇರಿದ ವರ್ಷ’ ಎಂದು ಮಾಡಿದೆ. ಇಂದು ನಿಮ್ಮ ಎದೆಯ ಮೇಲಿರುವ ಬಿಲ್ಲೆಗಳಲ್ಲಿ ಸೇರಿದ ವರ್ಷ ಮಾತ್ರ ಇದೆ, ಗಮನಿಸಿರಬಹುದು. ಎರಡನೆಯದಾಗಿ, ಗುಂಪಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಎಲ್ಲರೆದುರು ನಕ್ಕ ಮೇಲೆ ಕ್ಷಮೆಯನ್ನು ಜಗಲಿಯ ಮೇಲೆ ಗುಟ್ಟಾಗಿ ಕೇಳಿದರೆ ಸಾಲದು. ಹತ್ತು ಸಾಲು ಬರೆದೆ, ಒಂದು ತಮಾಷೆಯೂ ಇಲ್ಲದೆ.

ಹತ್ತು ನಿಮಿಷ ಬಿಟ್ಟು ಅಂಚೆಯಣ್ಣನ ಉತ್ತರ ಬಂತು: ‘ತಪ್ಪೊಪ್ಪಿಗೆಯಲ್ಲಿ ಎರಡು ಕಾಗುಣಿತ ದೋಷ ಇವೆ.’

ನನಗೆ ಆದ ಸಂತೋಷ ಹೇಳಲಾರೆ.

ಮೂರನೆಯದು, ಕ್ನೂತ್ ಅವರ ಪದ್ಧತಿಯನ್ನು ನಮ್ಮ ಸೀಮೆಗೆ ತಂದೆ. ಇಲ್ಲಿ ಡಾಲರ್ ಇಲ್ಲ, ತೆಂಗಿನಕಾಯಿ ಇದೆ. ಪಟ್ಟಿಯಲ್ಲಾಗಲಿ, ಸ್ಮರಣ ಸಂಚಿಕೆಯ ಕರಡಿನಲ್ಲಾಗಲಿ ತಪ್ಪು ತೋರಿಸಿದವರಿಗೆ ತಪ್ಪಿಗೊಂದು ತೆಂಗಿನಕಾಯಿ ನಮ್ಮ ತೋಟದಿಂದ ಎಂದು ಸಾರಿದೆ. ಅಪ್ಪನಿಗೆ ಹೇಳಿರಲಿಲ್ಲ. ಅಂಚೆಯಣ್ಣ, ಮುಖ್ಯೋಪಾಧ್ಯಾಯರು, ಕಚೇರಿಯ ಗುಮಾಸ್ತರು ಸೇರಿ ಐದು ಭಾನುವಾರ ಕೂತು ಶಾಲೆಯ ದಾಖಲಾತಿ ಪುಸ್ತಕಗಳನ್ನು ಮೊದಲ ಪುಟದಿಂದ ತಿರುವಿಹಾಕಿದರು. ಯಾವ ಮನೆಯ ಮಗಳು ಯಾವ ಊರಿಗೆ ಹೋದಳು ಎಂಬುದು ನನ್ನ ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಅಂಚೆಯಣ್ಣನಿಗೆ ಗೊತ್ತಿತ್ತು. ಇವತ್ತಿನ ಲೆಕ್ಕಕ್ಕೆ ನಮ್ಮ ಮನೆ ಅವರಿಗೆ ನೂರಾ ಹದಿನೇಳು ತೆಂಗಿನಕಾಯಿ ಬಾಕಿ. ಅಪ್ಪ ಅಲ್ಲಿ ಹಿಂದೆ ಕೂತಿದ್ದಾರೆ, ನಾನು ಅತ್ತ ನೋಡುವುದಿಲ್ಲ.

ಹಾಗೆ ಸಿಕ್ಕ ಹೆಸರುಗಳಲ್ಲಿ 1974ರಲ್ಲಿ ಸೇರಿ, ಒಂಬತ್ತನೇ ಕ್ಲಾಸಿನ ನಡುವೆ ಮದುವೆಯಾಗಿ ಹೋದ ಒಬ್ಬ ತಾಯಿ ಇದ್ದಾರೆ. ಇಂದು ಇಲ್ಲಿಗೆ ಬಂದಿದ್ದಾರೆ. ಅವರ ಮೊಮ್ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಬೆಳಿಗ್ಗೆ ಬಿಲ್ಲೆ ಕೊಡುವಾಗ ಆ ತಾಯಿ, ‘ನಾನು ಓದಿದೋಳಲ್ಲಪ್ಪ, ನನಗ್ಯಾಕೆ’ ಎಂದರು. ಮೊಮ್ಮಗಳೇ ಪಿನ್ನು ಚುಚ್ಚಿದಳು.

ಮಕ್ಕಳೇ, ನೀವು ಇನ್ನು ಸ್ವಲ್ಪ ದಿನಕ್ಕೆ ನಿಮ್ಮದೇ ಮೊಬೈಲು ಹಿಡಿಯುತ್ತೀರಿ. ನೀವು ಏನು ಮಾಡಿದರೂ ತಪ್ಪು ಎನ್ನುವ ಒಬ್ಬರು ಸಿಕ್ಕೇ ಸಿಗುತ್ತಾರೆ. ಆಗ ನಾನು ಕಲಿತ ನಾಲ್ಕು ಮಾತು ನೆನಪಿರಲಿ. ಮೊಸರಿನಲ್ಲಿ ಕಲ್ಲಿದೆ ಎಂದರೆ, ನಗುವ ಮೊದಲು ಒಂದು ಸಲ ಕೈ ಹಾಕಿ ನೋಡಿ. ಕೆಲವು ಸಲ ಇರುತ್ತದೆ. ತಮಾಷೆ ಮಾಡುವುದಾದರೆ ನಿಮ್ಮ ಮೇಲೆ, ಇಲ್ಲವೇ ಆ ತಪ್ಪಿನ ಮೇಲೆ ಮಾಡಿ. ಅವರ ಕೆಲಸ, ಬಡತನ, ಓದು, ಮೈಬಣ್ಣ, ಜಾತಿಯ ಮೇಲೆ ಬೇಡ. ಒಬ್ಬರು ಒಂದೇ ಮಾತನ್ನು ಮೂರು ಸಲ ಹೇಳಿದರೆ ಅದು ಹಟ ಎಂದುಕೊಳ್ಳಬೇಡಿ, ‘ಏನು ತಪ್ಪು, ಹೇಳಿ’ ಎಂದು ಕೇಳಿ. ನಾನು ಆ ಮೂರು ಪದ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹಸಿದಾಗ, ಸುಸ್ತಾದಾಗ, ರಾತ್ರಿ ಹನ್ನೊಂದರ ಮೇಲೆ ಯಾರಿಗೂ ಉತ್ತರ ಬರೆಯಬೇಡಿ.

ಇನ್ನೊಂದು ಎಚ್ಚರ. ತಪ್ಪು ಹುಡುಕುವವರು ಬೇರೆ, ಹಿಂಸೆ ಕೊಡುವವರು ಬೇರೆ. ಬೈಗುಳ ಬರೆಯುವವರು, ಹೆಣ್ಣುಮಕ್ಕಳಿಗೆ ಕೆಟ್ಟ ಸಂದೇಶ ಕಳಿಸುವವರು, ಹೆದರಿಸುವವರು ಅಂಚೆಯಣ್ಣನಂಥವರಲ್ಲ. ಅವರಿಗೆ ತಮಾಷೆಯ ಉತ್ತರವೂ ಬೇಡ, ಯಾವ ಉತ್ತರವೂ ಬೇಡ. ಬಂದದ್ದನ್ನು ಅಳಿಸದೆ ಇಟ್ಟುಕೊಂಡು ಮನೆಯವರಿಗೆ, ಮೇಷ್ಟ್ರಿಗೆ, ಮೇಡಂಗೆ ತೋರಿಸಿ. ಹೇಳಲು ಯಾರೂ ಇಲ್ಲ ಎನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಅದನ್ನು ಸಹಿಸಿಕೊಂಡು ನಗಬೇಕಾಗಿಲ್ಲ.

ಮುಗಿಸುತ್ತೇನೆ, ಊಟದ ಹೊತ್ತಾಯಿತು. ಐವತ್ತು ವರ್ಷದ ಹಿಂದೆ ಕಲ್ಲು ಹೊತ್ತು ನಮ್ಮ ಶಾಲೆಯ ಮೊದಲ ಗೋಡೆ ಎಬ್ಬಿಸಿದ ಆ ನಲವತ್ತೊಂದು ಜನರ ಹೆಸರು ಈ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿದೆ. ದಾಖಲಾತಿ ಪುಸ್ತಕದಲ್ಲಿ ಇದ್ದ ಕ್ರಮದಲ್ಲೇ ಇದೆ, ಪಾಸು ನಪಾಸು ಎಂದು ಬೇರೆ ಮಾಡಿಲ್ಲ. ಅಂಚೆಯಣ್ಣನ ಹೆಸರು ಹದಿನೆಂಟನೆಯದು. ಇವತ್ತಿನ ಆಹ್ವಾನ ಪತ್ರಿಕೆಯನ್ನು ಅವರ ಹೆಸರು ಬರೆದು, ಸ್ಟಾಂಪು ಹಚ್ಚಿ, ಅಂಚೆಯಲ್ಲೇ ಕಳಿಸಿದ್ದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ ಅದನ್ನು ಅವರ ಜಗಲಿಗೆ ತಂದುಕೊಟ್ಟಳಂತೆ. ಅವರು ಸಂಜೆ ನನಗೆ ಫೋನ್ ಮಾಡಿದರು.

‘ಕಾಗದ ಬಂತು’ ಎಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಪಿನ್‌ಕೋಡ್ ತಪ್ಪಿದೆ’ ಎಂದರು.

ನೂರಾ ಹದಿನೇಳನೆಯ ತೆಂಗಿನಕಾಯಿ ಅದೇ.